ಬಾಯಿ ಜೋರು

ಹೆಚ್ಚು ಮಾತನಾಡುವವರನ್ನು ಕರೆಯಲು ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ವಾಚಾಳಿ, ಹರಟೆಮಲ್ಲ, ಬಾಯಿಬಡುಕಿ, ಗಯ್ಯಾಳಿ. ತಲೆ ತಿನ್ನುವವರು, ಕೊರೆಯುವವರು ಬೇರೆ. ಮಂಗಳೂರಿನಲ್ಲಿ 'ಅವಳಿಗೆ ಬಾಯಿ ಜೋರು' ಎಂದರೆ ಮುಗಿಯಿತು, ಸಂಬಂಧ ನೋಡಲು ಬಂದವರೂ ಹಿಂದೆ ಸರಿದಾರು.

ನನಗೆ ಈ ಪದಗಳಲ್ಲೇ ಒಂದು ಪಕ್ಷಪಾತ ಕಾಣುತ್ತದೆ. ಹರಟೆಮಲ್ಲ ಎಷ್ಟೆಂದರೂ ಮಲ್ಲನೇ. ಗಯ್ಯಾಳಿಗೋ, ಪುಲ್ಲಿಂಗವೇ ಇಲ್ಲ!

ನಮ್ಮ ಕಡೆಯ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು ಗಂಟೆಗಟ್ಟಲೆ ಆಡುವ ಮಾತೇ ಅಲ್ಲಿ ಸರ್ವಸ್ವ. ಆಡುವವನಿಗೆ 'ಅರ್ಥಧಾರಿ' ಎಂಬ ಗೌರವದ ಹೆಸರು. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಅವರನ್ನು ಯಾರೂ ವಾಚಾಳಿ ಎನ್ನಲಿಲ್ಲ, ಎನ್ನಲೂಬಾರದು.

ಈಗ ಮಹಿಳೆಯರ ತಾಳಮದ್ದಳೆ ಕೂಟಗಳೂ ಇವೆ. ತಾರೆಯಾಗಿ ಕುಳಿತು, ಯುದ್ಧಕ್ಕೆ ಹೊರಟ ವಾಲಿಯನ್ನು ಮಾತಿನಲ್ಲೇ ತಡೆಯುವವಳಿಗೆ ಚಪ್ಪಾಳೆ ಬೀಳುತ್ತದೆ. ಅದೇ ಹೆಂಗಸು ತವರಿನ ಪಾಲುಪತ್ರಕ್ಕೆ ರುಜು ಹಾಕುವ ಮೊದಲು 'ಇದರಲ್ಲಿ ಏನು ಬರೆದಿದೆ ಅಣ್ಣಾ?' ಎಂದು ಕೇಳಲಿ. ಆಗ ಬಾಯಿ ಜೋರು! ಮೀನು ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ಬಂಗುಡೆಗೆ ಹತ್ತು ರೂಪಾಯಿ ಉಳಿಸಿದಾಗ ಆ ಬಾಯಿ ಯಾರ ಕಿವಿಗೂ ಜೋರೆನಿಸಿರಲಿಲ್ಲ.

ಅಂದರೆ ಲೆಕ್ಕ ಮಾತಿನದ್ದಲ್ಲ, ಪ್ರಶ್ನೆಯದ್ದು. ತಲೆ ತಿನ್ನುವವರಿಂದ ತಪ್ಪಿಸಿಕೊಳ್ಳಲು ನಾನೂ ಹಿಂಬಾಗಿಲು ಹುಡುಕುವವಳೇ. ಆದರೆ ಮಗಳಿಗೆ 'ಬಾಯಿ ಮುಚ್ಚು' ಎನ್ನುವ ಮೊದಲು, ಅವಳು ಕೇಳಿದ್ದೇನೆಂದು ಒಮ್ಮೆ ಕೇಳಿಸಿಕೊಳ್ಳಬಾರದೇ?