ಡಿ ಡ್ರೈವ್ ಯಾರದ್ದು?

ಫೆಬ್ರವರಿ 7, ಶನಿವಾರ, ರಾತ್ರಿ

ಅಪ್ರಮೇಯಸ್ವಾಮಿ ದೇವಸ್ಥಾನದಿಂದ ನೇರ ನಮ್ಮ ಸೈಬರ್ ಅಂಗಡಿಗೆ ಬಂದ ಗಂಡ-ಹೆಂಡತಿ. ಮಗು ಬೇಕೆಂದು ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತವರು. ಆಸ್ಪತ್ರೆಯ ರಿಪೋರ್ಟು ಪ್ರಿಂಟ್ ಬೇಕಿತ್ತು. ಆಕೆಯೇ ಕೂತು ಮೇಲ್ ತೆಗೆದರು, ಲಾಗೌಟ್ ಆಗಿಯೇ ಎದ್ದರು. ಪಿಡಿಎಫ್ ಮಾತ್ರ ಡಿ ಡ್ರೈವಿನಲ್ಲಿ ಉಳಿದಿತ್ತು. ಅಳಿಸಿದೆ. ಅಳಿಸುವಷ್ಟರಲ್ಲಿ ಮೊದಲ ಸಾಲು ಕಣ್ಣಿಗೆ ಬಿದ್ದಿತ್ತು.

ಫೆಬ್ರವರಿ 8, ಭಾನುವಾರ

ವಿಂಡೋಸ್‌ನಲ್ಲಿ ಸಿ ಡ್ರೈವಿನ ಯೂಸರ್ ಫೋಲ್ಡರ್ ಅವರವರದು. ಡಿ ಹಾಗಲ್ಲ. ಫಾರ್ಮ್ಯಾಟ್ ಮಾಡಿದಾಗಿನಿಂದಲೇ ಲಾಗಿನ್ ಆದವರೆಲ್ಲ ಅಲ್ಲಿ ಓದಬಹುದು, ತಿದ್ದಬಹುದು, ಅಳಿಸಬಹುದು. ನಮ್ಮ ಕಡೆ ಕಲಿಸೋದೇ "ಸಿ ಕರಪ್ಟ್ ಆಗುತ್ತೆ, ಡಿಯಲ್ಲಿಡಿ" ಅಂತ. ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಎಲ್ಲ ಅಲ್ಲೇ.

ಉಬುಂಟು ಹಾಕಿದ ಎರಡನೇ ಯಂತ್ರದಲ್ಲಿ ಹೋಮ್ ಫೋಲ್ಡರುಗಳ ಹಕ್ಕು 755. ಒಡೆಯನಿಗೆ ಎಲ್ಲ ಹಕ್ಕು, ಮಿಕ್ಕವರಿಗೆ ಓದುವ ಹಕ್ಕು. ಒಂದು ಯಂತ್ರ ಹಂಚಿಕೊಳ್ಳುವವರು ಪರಸ್ಪರ ನಂಬುವವರೇ ಅನ್ನೋದು ಹಳೇ ವಾದ. 2021ರಲ್ಲಿ, ಉಬುಂಟು 21.04ರಿಂದ, ಮಿಕ್ಕವರಿಗೆ ಏನೂ ಕಾಣದ ಹಾಗೆ 750 ಮಾಡಿದರು. ಅದು ಹೊಸ ಖಾತೆಗಳಿಗೆ. ನಮ್ಮದು 18.04ರಿಂದ ಅಪ್‌ಗ್ರೇಡ್ ಆಗ್ತಾ ಬಂದದ್ದು, ಹಳೇ ಖಾತೆಗಳು ತೆರೆದೇ ಇವೆ.

ಎಲ್ಲಕ್ಕೂ 700 ಕೊಟ್ಟೆ, ಒಡೆಯನಿಗೆ ಮಾತ್ರ ಹಕ್ಕು. ನೆಮ್ಮದಿ.

ಫೆಬ್ರವರಿ 10, ಮಂಗಳವಾರ

ಮನೆಯದೂ ಉಬುಂಟು, ಅದೂ 755. ಅಪ್ಪ ರಾಮನಗರಕ್ಕೆ ರೇಷ್ಮೆಗೂಡು ಹಾಕಿದ ಲೆಕ್ಕ ಅಮ್ಮನೂ ನೋಡಬೇಕು, ನಾನೂ ನೋಡಬೇಕು. ತಂಗಿ, ತನ್ನ ಫೋಲ್ಡರ್ ಯಾರಿಗೂ ಕಾಣಬಾರದು ಅಂದಳು.

"ಒಂದೇ ಮನೇಲಿ ಬೀಗ ಯಾಕವ್ವ?" ಅಂದರು ಅಪ್ಪ.

ಮಾತಾಡದೆ ಎದ್ದುಹೋದಳು. ಅದರಲ್ಲಿ ಏನಿರಬಹುದು ಅಂತ ಯೋಚನೆ ಬಂತು ನನಗೆ. ಅಂಥ ಯೋಚನೆ ಬರುತ್ತೆ ಅಂತಲೇ ಅವಳು ಕೇಳಿದ್ದು.

ಫೆಬ್ರವರಿ 12, ಗುರುವಾರ, ಮಧ್ಯಾಹ್ನ

700 ಇಲ್ಲಿ ಏನೂ ಕಾಯಲ್ಲ. ಅಂಗಡಿಗೆ ಬರುವವರೆಲ್ಲ 'ಗಿರಾಕಿ' ಅನ್ನೋ ಒಂದೇ ಖಾತೆಯಲ್ಲಿ ಕೂರ್ತಾರೆ. ಹಕ್ಕು ಖಾತೆಯನ್ನು ನೋಡುತ್ತೆ, ಮನುಷ್ಯರನ್ನಲ್ಲ. ಬೆಳಿಗ್ಗೆಯ ಹೆಂಗಸು, ಸಂಜೆಯ ಹುಡುಗ, ಯಂತ್ರಕ್ಕೆ ಇಬ್ಬರೂ ಒಬ್ಬರೇ.

ಉಬುಂಟು 16.04ರಲ್ಲಿ ಗೆಸ್ಟ್ ಲಾಗಿನ್ ಇತ್ತು, ಲಾಗೌಟ್ ಆದರೆ ಎಲ್ಲ ತಾನೇ ಅಳಿದುಹೋಗುತ್ತಿತ್ತು. 17.10ರಲ್ಲಿ ಡೆಸ್ಕ್‌ಟಾಪ್ ಬದಲಾದಾಗ ಅದೂ ಹೋಯಿತು. ನಮ್ಮಂಥ ಅಂಗಡಿಗೆ ಬೇಕಿದ್ದದ್ದು ಅದೊಂದೇ, ಅದನ್ನೇ ತೆಗೆದರಲ್ಲ!

ಸಂಜೆ

ಪಿಯುಸಿ ಹುಡುಗ. "ಅಣ್ಣಾ, ನಿನ್ನೆ ಟೈಪ್ ಮಾಡಿದ್ದು ಇದೆ ಅಲ್ವಾ?" ಇತ್ತು. ಅಳಿಸುವ ಏರ್ಪಾಡು ಮಾಡಿದರೆ ನಾಳೆಯಿಂದ ಇರಲ್ಲ. ಪೆನ್‌ಡ್ರೈವ್ ತಾ ಅನ್ನಲಾ? ಇವನ ಹತ್ತಿರ ಅದೆಲ್ಲಿ.

ಫೆಬ್ರವರಿ 14, ಶನಿವಾರ

ಅಂಗಡಿ: ಲಾಗೌಟ್ ಆದರೆ ಗಿರಾಕಿ ಖಾತೆ ಖಾಲಿ. ಡಿ ಡ್ರೈವಿಗೆ ಬರೆಯುವ ಹಕ್ಕು ತೆಗೆದೆ. ಆ ಹುಡುಗನಿಗೆ ಬೇರೆ ಖಾತೆ. ಇನ್ನೊಬ್ಬ ಕೇಳಿದರೆ? ಗೊತ್ತಿಲ್ಲ.

ಮನೆ: ಗೂಡಿನ ಲೆಕ್ಕ ಎಲ್ಲರಿಗೂ ಕಾಣೋ ಫೋಲ್ಡರಿನಲ್ಲಿ, ತಂಗಿಯದು 700. ಖುಷಿಯಾದಳು. ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರವಿದೆ, ಅದಕ್ಕೆ 700 ಅಡ್ಡ ಬರಲ್ಲ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.