ಸೊನ್ನೆಯ ಆಚೆಯ ಮಳೆ

ಕೊಡಗಿನ ಕಾಫಿ ಬೆಳೆಗಾರನ ಮಳೆಪುಸ್ತಕದಲ್ಲಿ ಸೊನ್ನೆಗೂ ಬೆಲೆಯುಂಟು. ಫೆಬ್ರವರಿಯ ಪುಟವೆಲ್ಲ ಸೊನ್ನೆಯಾದರೂ ಆತನು ಪುಸ್ತಕವನ್ನು ಮಡಿಸಿಡುವುದಿಲ್ಲ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಬರುವ ಹೂಮಳೆಯೇ ವರ್ಷದ ಫಸಲಿನ ಹಣೆಬರಹವಲ್ಲವೆ?

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಎಂಬ ಕಂಪ್ಯೂಟರ್ ಭಾಷೆಗೆ ಈ ತಾಳ್ಮೆಯಿಲ್ಲ. ಸೊನ್ನೆಯ ಬೈಟು ಕಂಡೊಡನೆ ಅಕ್ಷರಗಳ ಸರ ಮುಗಿಯಿತೆಂದೇ ಅದರ ಭಾವನೆ. ದಿನಕ್ಕೊಂದು ಬೈಟಿನಂತೆ ಬರೆದಿಟ್ಟ ಮಳೆಯ ಲೆಕ್ಕವನ್ನು ಅಕ್ಷರವೆಂದು ಬಗೆದು ಸ್ಟ್ರ್‌ಸಿಪಿವೈಯಿಂದ ನಕಲಿಸಿದರೆ, ನಕಲು ಮೊದಲ ಒಣದಿನದಲ್ಲೇ ನಿಲ್ಲುತ್ತದೆ. ದೋಷದ ಸುಳಿವೂ ಇಲ್ಲ, ಹೂಮಳೆಯೂ ಇಲ್ಲ. ದಿನಗಳನ್ನೆಣಿಸಿ, ಉದ್ದವನ್ನು ಹೇಳಿ, ಮೆಮ್‌ಸಿಪಿವೈಗೆ ಒಪ್ಪಿಸಿದರೆ ಒಣದಿನವೂ ಮಳೆಯೂ ಸುರಕ್ಷಿತ.

ಎಲ್ಲಿ ನಿಲ್ಲಬೇಕೆಂಬುದನ್ನು ಸೊನ್ನೆ ಹೇಳಬಾರದು, ಲೆಕ್ಕವಿಟ್ಟವನೇ ಹೇಳಬೇಕು.