ಗೌರಿಗೊಂದು ತವರು

ಗೌರಿ ಹಬ್ಬ ಅಂದ್ರೆ ನಮ್ಮ ಮೈಸೂರು ಕಡೆ ಹೆಣ್ಣುಮಕ್ಕಳ ಹಬ್ಬ. ಭಾದ್ರಪದ ಶುದ್ಧ ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಅಮ್ಮನನ್ನು ಕರೆದುಕೊಂಡು ಹೋಗಲು ಮರುದಿನ ಚೌತಿಗೆ ಗಣಪ ಬರುತ್ತಾನೆ ಅಂತ ಹಿರಿಯರು ಹೇಳುತ್ತಾರೆ. ಅದಕ್ಕೇ ಮದುವೆಯಾದ ಮಗಳಿಗೆ ಈ ಹಬ್ಬಕ್ಕೆ ಸೀರೆಯೋ, ಅರಿಶಿನ-ಕುಂಕುಮದ ದುಡ್ಡೋ ತವರಿನಿಂದ ಬರಲೇಬೇಕು. ಮೊತ್ತ ಎಷ್ಟೇ ಇರಲಿ, ‘ನಿನ್ನನ್ನು ಮರೆತಿಲ್ಲ’ ಅನ್ನೋದೇ ಅದರ ಅರ್ಥ.

ಇದೇ ತದಿಗೆಯಂದು ಮಹಾರಾಷ್ಟ್ರದಲ್ಲಿ, ಉತ್ತರ ಭಾರತದಲ್ಲಿ ಹರಿತಾಲಿಕಾ ವ್ರತ ಮಾಡುತ್ತಾರೆ. ‘ಹರಿತ’ ಅಂದರೆ ಕದ್ದೊಯ್ದ, ‘ಆಲಿ’ ಅಂದರೆ ಗೆಳತಿ. ಹೆಸರಿನಲ್ಲೇ ಕಥೆಯಿದೆ. ಹಿಮವಂತ ಮಗಳನ್ನು ವಿಷ್ಣುವಿಗೆ ಕೊಡಲು ಒಪ್ಪಿಕೊಂಡಿದ್ದ. ಪಾರ್ವತಿಯ ಮನಸ್ಸು ಶಿವನಲ್ಲಿತ್ತು. ಅವಳ ಸಂಕಟ ಕಂಡ ಗೆಳತಿ ಅವಳನ್ನು ಕಾಡಿಗೆ ಕರೆದೊಯ್ದು ಬಚ್ಚಿಟ್ಟಳು. ಅಲ್ಲಿ ಪಾರ್ವತಿ ಮರಳಿನ ಲಿಂಗ ಮಾಡಿ, ಉಪವಾಸವಿದ್ದು, ರಾತ್ರಿಯೆಲ್ಲ ಜಾಗರಣೆ ಮಾಡಿ ಪೂಜಿಸಿದಳು, ಶಿವ ಒಲಿದ. ಹುಡುಕಿಕೊಂಡು ಬಂದ ಅಪ್ಪ ಮಗಳ ಮಾತು ಕೇಳಿ, ಮನೆಗೆ ಕರೆತಂದು, ಶಿವನಿಗೇ ಧಾರೆಯೆರೆದ.

ಅಪ್ಪ ಅಂದು ಬಾಗಿಲು ಮುಚ್ಚಿಬಿಟ್ಟಿದ್ದರೆ ಗೌರಿಗೆ ತವರೆಲ್ಲಿರುತ್ತಿತ್ತು? ನಾವು ಹಬ್ಬ ಮಾಡೋದಾದರೂ ಯಾರಿಗೆ?

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ ತನ್ನಿಷ್ಟದಂತೆ ಮದುವೆಯಾದವಳು. ಮೂರು ವರ್ಷದಿಂದ ತವರಿನಿಂದ ಒಂದು ಫೋನೂ ಇಲ್ಲ. ಹೋದ ವರ್ಷ ಹಬ್ಬದ ಹಿಂದಿನ ದಿನ ನಾನು ಮೊರಕ್ಕೆ ಅರಿಶಿನ ಬಳಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ಕೊಟ್ಟಳು.

“ಇಷ್ಟೂ ಬಾಗಿನ ಯಾರ್‍ಯಾರಿಗೆ ಆಂಟಿ?” ಅಂತ ಕೇಳಿದಳು.

“ಒಂದು ನಿನಗೇ ಕಣೇ” ಅಂದೆ.

ಅವಳು ಏನೂ ಹೇಳಲಿಲ್ಲ. ಮೊರದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಮರುದಿನ ಪೂಜೆಯಾದ ಮೇಲೆ ಹದಿನಾರು ಗಂಟಿನ ಗೌರಿದಾರವನ್ನು ಅವಳ ಕೈಗೆ ಕಟ್ಟಿ, ಸೆರಗು ಮುಚ್ಚಿ ಬಾಗಿನ ಕೊಟ್ಟೆ. ಸಂಜೆ ಆ ಬಳೆಗಳನ್ನೇ ತೊಟ್ಟುಕೊಂಡು ಕುಂಕುಮಕ್ಕೆ ಬಂದಳು.

ಆದರೂ ನಾನು ಕೊಡಬಹುದಾದ್ದು ಬಾಗಿನ ಮಾತ್ರ. ಅವಳ ಅಮ್ಮನ ಧ್ವನಿಯನ್ನು ಎಲ್ಲಿಂದ ತಂದುಕೊಡಲಿ? ನಿಮ್ಮ ಮನೆಯಿಂದಲೂ ಹೀಗೆ ದೂರವಾದ ಮಗಳೊಬ್ಬಳಿದ್ದರೆ, ಹಬ್ಬದ ನೆಪದಲ್ಲಾದರೂ ಒಂದು ಫೋನ್ ಮಾಡಿ. ಗೌರಿಯನ್ನು ಮನೆತುಂಬಿಸಿಕೊಳ್ಳೋದು ಅಂದರೆ ಅದೂ ಹೌದಲ್ಲವೇ?